ಆ ಶಾಯಿ ಚಿತ್ರ ಟಿಪ್ಪು ಕಾಲದ್ದಲ್ಲ

ಹಳೇ ಮಂಗಳೂರಿನ ಕಟ್ಟಡಗಳ ಶಾಯಿ ಚಿತ್ರವೊಂದು ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ‘1784ರಲ್ಲಿ ಟಿಪ್ಪು ಕಾಲದಲ್ಲೇ ಬಿಡಿಸಿದ್ದು, ಮಾಡಿನ ಮೇಲಿನ ಕಪ್ಪು ಗೆರೆಗಳು ಯುದ್ಧದ ಹೊಗೆಯ ಸಂಕೇತ’ ಎಂಬ ಒಕ್ಕಣೆ ಬೇರೆ. ಇದು ತಪ್ಪು.

ಚಿತ್ರದಲ್ಲಿರುವ ಸುಲ್ತಾನ್ ಬತ್ತೇರಿ, ಅಂದರೆ ಟಿಪ್ಪು ಕಟ್ಟಿಸಿದ ಕಾವಲು ಗೋಪುರ, 1784ರದ್ದು, ನಿಜ. ಆದರೆ ಅದರ ಹಿಂದಿರುವ ಮನೆಗಳನ್ನು ದೊಡ್ಡದು ಮಾಡಿ ನೋಡಿ. ಒಂದರ ಅಂಚಿಗೆ ಇನ್ನೊಂದು ಕೂತ ಮಂಗಳೂರು ಹೆಂಚು, ಪಕ್ಕದಲ್ಲಿ ಹೆಂಚಿನ ಕಾರ್ಖಾನೆಯ ಚಿಮಣಿ. ಬಾಸೆಲ್ ಮಿಷನ್ ಎಂಬ ಕ್ರೈಸ್ತ ಮಿಷನರಿ ಸಂಸ್ಥೆ ಇಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದ್ದೇ 1865ರಲ್ಲಿ. ಇಲ್ಲದ ಚಿಮಣಿಯನ್ನು 80 ವರ್ಷ ಮೊದಲೇ ಬಿಡಿಸಲು ಆಗುತ್ತಾ?

ಇನ್ನು ಆ ಗೆರೆಗಳು. ಶಾಯಿ ಪೆನ್ನಿನಲ್ಲಿ ನೆರಳು ತೋರಿಸಲು ಗೆರೆ ಮೇಲೆ ಗೆರೆ ಎಳೆಯುತ್ತಾರೆ, ಅಷ್ಟೇ. ಇಲ್ಲೂ ಬಿಸಿಲು ಬೀಳದ ಬದಿಯಲ್ಲೇ ಅವು ಜಾಸ್ತಿ. ಸಂಕೇತ ಬೇಕೇ ಬೇಕು ಅಂದರೆ ಚಿಮಣಿ ಇದೆಯಲ್ಲ, ಊರಿನ ಹೆಸರನ್ನು ದೂರದೂರಕ್ಕೆ ಒಯ್ದ ಕಸುಬು ಅದು. ಚಿತ್ರ ಚೆನ್ನಾಗಿದೆ, ಖಂಡಿತ ಹಂಚಿ. ಆ ಒಕ್ಕಣೆ ಮಾತ್ರ ಬೇಡ.