ಪ್ರಿಂಟರ್‌ಗೆ ಅದರದ್ದೇ ವಿಳಾಸ ಕೊಡಿ

ಒಂದು ಕಂಪ್ಯೂಟರ್‌ಗೆ ಯುಎಸ್‌ಬಿ ವೈರಿನಲ್ಲಿ ಪ್ರಿಂಟರ್ ಕಟ್ಟಿಹಾಕಿ, ಅದನ್ನೇ ಇಡೀ ಆಫೀಸಿಗೆ ಶೇರ್ ಮಾಡುವ ಪದ್ಧತಿ ಇನ್ನಾದರೂ ನಿಲ್ಲಬೇಕು. ಆಡಿಟರ್ ಆಫೀಸು, ಸಹಕಾರ ಸಂಘ, ಶಾಲೆ, ಎಲ್ಲಿ ಹೋದರೂ ಅದೇ ಕತೆ. ಮೂಲೆಯಲ್ಲಿ ಟ್ಯಾಲಿ ಓಡಿಸುವ ಹಳೇ ವಿಂಡೋಸ್ ಸಿಸ್ಟಮ್. ಪ್ರಿಂಟರ್ ಅದರ ಪಕ್ಕದಲ್ಲಿ. ಅಕೌಂಟ್ಸ್ ಮೇಡಂ ಮನೆಗೆ ಹೊರಡುವಾಗ ಸಿಸ್ಟಮ್ ಆಫ್ ಮಾಡಿದರೆ ಉಳಿದವರಿಗೆ ಅವತ್ತಿನ ಪ್ರಿಂಟ್ ಮುಗಿಯಿತು.

ಎಲ್ಲರ ಹತ್ತಿರ ವಿಂಡೋಸ್ ಇದ್ದಾಗ ಇದು ಹೇಗೋ ನಡೆಯುತ್ತಿತ್ತು. ಈಗ ಒಬ್ಬರು ಮ್ಯಾಕ್‌ಬುಕ್ ತರುತ್ತಾರೆ, ಇನ್ನೊಬ್ಬರ ಲ್ಯಾಪ್‌ಟಾಪಿನಲ್ಲಿ ಉಬುಂಟು ಲಿನಕ್ಸ್, ಯಜಮಾನರು ಫೋನ್ ಹಿಡಿದುಕೊಂಡು "ಇದ್ರಿಂದ ಬರಲ್ವಾ?" ಅಂತ ಕೇಳುತ್ತಾರೆ. ಬರುವುದಿಲ್ಲ. ಬರುವ ಹಾಗೆ ಯಾರೂ ಜೋಡಿಸಿಲ್ಲ.

ಯಾಕೆ ಅಂದರೆ, ಪ್ರಿಂಟರ್‌ಗಳಿಗೂ ಭಾಷೆ ಇದೆ. ಕೆಲವಕ್ಕೆ ಪೋಸ್ಟ್‌ಸ್ಕ್ರಿಪ್ಟ್ ಬರುತ್ತದೆ, ಕೆಲವಕ್ಕೆ ಪಿಸಿಎಲ್. ನಮ್ಮ ಕಡೆ ಜಾಸ್ತಿ ಖರ್ಚಾಗುವ ಅಗ್ಗದ ಲೇಸರ್ ಪ್ರಿಂಟರ್‌ಗಳಲ್ಲಿ ಬಹಳಷ್ಟಕ್ಕೆ ಎರಡೂ ಬರುವುದಿಲ್ಲ. ಪುಟದ ಚಿತ್ರ ತಯಾರಿಸುವ ಕೆಲಸವೆಲ್ಲ ಕಂಪ್ಯೂಟರಿನದ್ದು. ಹಾಗಾಗಿ ಆ ಕಂಪನಿಯ ಡ್ರೈವರ್, ಅಂದರೆ ಪ್ರಿಂಟರಿನ ಭಾಷೆಯನ್ನು ಕಂಪ್ಯೂಟರ್‌ಗೆ ಕಲಿಸುವ ತಂತ್ರಾಂಶ, ಇಲ್ಲದೆ ಒಂದು ಚುಕ್ಕೆಯೂ ಬೀಳದು. ವಿಂಡೋಸ್‌ಗೆ ಡ್ರೈವರ್ ಇರುತ್ತದೆ, ಲಿನಕ್ಸ್‌ಗೆ ಇದ್ದರೆ ಇತ್ತು, ಇಲ್ಲದಿದ್ದರೆ ಇಲ್ಲ. ತಪ್ಪು ಡ್ರೈವರ್ ಹಾಕಿದರೆ ಇನ್ನೊಂದು ಮಜಾ. ಮೊದಲ ಹಾಳೆಯ ತಲೆಯಲ್ಲಿ ಒಂದು ಶೇಕಡಾ ಚಿಹ್ನೆ, ಒಂದು ಆಶ್ಚರ್ಯಸೂಚಕ, ಆಮೇಲೆ "ಪಿಎಸ್-ಅಡೋಬಿ" ಅಂತ ಇಂಗ್ಲಿಷಿನಲ್ಲಿ. ಹಿಂದೆಯೇ ಅರ್ಥವಾಗದ ಅಕ್ಷರಗಳು ತುಂಬಿದ ಹಾಳೆಗಳ ಮೆರವಣಿಗೆ. ಟ್ರೇ ಎಳೆದರೆ ಮಾತ್ರ ನಿಲ್ಲುತ್ತದೆ. ಅದು ಪೋಸ್ಟ್‌ಸ್ಕ್ರಿಪ್ಟ್ ಬಾರದ ಪ್ರಿಂಟರ್‌ಗೆ ಪೋಸ್ಟ್‌ಸ್ಕ್ರಿಪ್ಟ್ ಕಳಿಸಿದ್ದರ ಫಲ.

(ಪ್ರಿಂಟರ್ ಡ್ರೈವರ್ ಮೇಲಿನ ಸಿಟ್ಟು ಇವತ್ತಿನದಲ್ಲ. 1980ರ ಹೊತ್ತಿಗೆ ಎಂಐಟಿಯ ಲ್ಯಾಬಿನಲ್ಲಿ ಜೆರಾಕ್ಸ್ ಪ್ರಿಂಟರಿನ ಸೋರ್ಸ್ ಕೋಡ್ ಸಿಗದೆ ಕೆರಳಿದ ರಿಚರ್ಡ್ ಸ್ಟಾಲ್‌ಮನ್ ಮುಂದೆ ಗ್ನೂ ಎಂಬ ಮುಕ್ತ ತಂತ್ರಾಂಶದ ಯೋಜನೆ ಶುರು ಮಾಡಿದರು.)

ಇನ್ನು ವಿಂಡೋಸ್ ಶೇರಿಂಗ್. "ಸಾರ್, ನಿನ್ನೆ ತನಕ ಚೆನ್ನಾಗೇ ಬರ್ತಿತ್ತು" ಅನ್ನುವವರು ಸುಳ್ಳು ಹೇಳುತ್ತಿಲ್ಲ. 2017ರಲ್ಲಿ ಬಂದ ವಿಂಡೋಸ್ 10ರ ಆವೃತ್ತಿಯಿಂದ ಫೈಲು, ಪ್ರಿಂಟರ್ ಶೇರ್ ಮಾಡುವ ಹಳೇ ವಿಧಾನವಾದ ಎಸ್‌ಎಂಬಿ-1 ತಾನಾಗಿ ಇನ್‌ಸ್ಟಾಲ್ ಆಗುವುದು ನಿಂತಿತು. 2021ರಲ್ಲಿ ಪ್ರಿಂಟ್‌ನೈಟ್‌ಮೇರ್ ಅನ್ನುವ ದೋಷ ಹೊರಬಂತು. ಪ್ರಿಂಟ್‌ಗಳನ್ನು ಸಾಲಿನಲ್ಲಿ ನಿಲ್ಲಿಸಿ ಕಳಿಸುವ ಪ್ರಿಂಟ್ ಸ್ಪೂಲರ್ ಮೂಲಕವೇ ಹೊರಗಿನವರು ಸಿಸ್ಟಮ್ ಕೈಗೆ ತೆಗೆದುಕೊಳ್ಳಬಹುದಿತ್ತು. ಅದಾದ ಮೇಲೆ ಮೈಕ್ರೋಸಾಫ್ಟ್ ನಿಯಮ ಬಿಗಿ ಮಾಡುತ್ತಾ ಹೋಯಿತು, ಶೇರ್ ಮಾಡಿದ ಪ್ರಿಂಟರ್‌ಗಳು ಸಾಲುಸಾಲಾಗಿ ಕೈಕೊಟ್ಟವು. 11ಬಿ ಎಂದು ಕೊನೆಯಾಗುವ ಆ ಎರರ್ ನೆನಪಿದೆ ಅಲ್ವಾ? ಅದಕ್ಕೆ ಯೂಟ್ಯೂಬಿನ ಪರಿಹಾರ ವಿಂಡೋಸಿನ ಒಳಗಿನ ಸೆಟ್ಟಿಂಗ್‌ಗಳಿರುವ ರಿಜಿಸ್ಟ್ರಿಯಲ್ಲಿ ಒಂದು ಸೊನ್ನೆ ಬರೆಯುವುದು, ಅಂದರೆ ಆ ರಕ್ಷಣೆಯನ್ನೇ ಆಫ್ ಮಾಡುವುದು. ಬೀಗ ಬಿಗಿಯಾಗಿದೆ ಅಂತ ಬಾಗಿಲನ್ನೇ ಕಿತ್ತಿಟ್ಟ ಹಾಗೆ. ಎಷ್ಟೋ ಆಫೀಸುಗಳ ಸಿಸ್ಟಮ್ ಈಗಲೂ ಹಾಗೇ ಇದೆ. ಲಿನಕ್ಸ್ ಅಭಿಮಾನಿಗಳು ಜಾಸ್ತಿ ನಗಬೇಡಿ. 2024ರ ಸೆಪ್ಟೆಂಬರಿನಲ್ಲಿ ಲಿನಕ್ಸ್‌ನಲ್ಲಿ ಪ್ರಿಂಟ್ ನೋಡಿಕೊಳ್ಳುವ ನಮ್ಮ ಕಪ್ಸ್‌ನಲ್ಲೂ ದೊಡ್ಡ ತೂತು ಸಿಕ್ಕಿತು.

ಹಾಗಾದರೆ ದಾರಿ? ಪ್ರಿಂಟರನ್ನು ಸೀದಾ ರೂಟರ್‌ಗೆ ಜೋಡಿಸಿ, ನೆಟ್‌ವರ್ಕಿನಲ್ಲಿ ಅದರದ್ದೇ ವಿಳಾಸ ಇರಲಿ. ಮಾತುಕತೆ ಐಪಿಪಿಯಲ್ಲಿ (ನೆಟ್‌ವರ್ಕಿನಲ್ಲಿ ಪ್ರಿಂಟ್ ಕಳಿಸುವ ಸಾಮಾನ್ಯ ನಿಯಮ), 631ನೇ ಪೋರ್ಟಿನಲ್ಲಿ ನಡೆಯಲಿ. ಈ ಐಪಿಪಿ 1999ರಿಂದಲೂ ಇದೆ. ಮೈಕೆಲ್ ಸ್ವೀಟ್ ಅವರ ಕಪ್ಸ್ ಬಂದದ್ದೂ ಅದೇ ವರ್ಷ. 2002ರಲ್ಲಿ ಆಪಲ್ ಅದನ್ನು ಮ್ಯಾಕ್ ಒಳಗೆ ಸೇರಿಸಿಕೊಂಡಿತು. ಅಂದರೆ ಮ್ಯಾಕ್‌ಗೂ ಲಿನಕ್ಸ್‌ಗೂ ಪ್ರಿಂಟ್ ವಿಷಯದಲ್ಲಿ ಹೊಟ್ಟೆಯೊಳಗೆ ಇರುವುದು ಒಂದೇ.

ಆದರೆ ಪ್ರಿಂಟರ್ ಕಂಪನಿಗಳನ್ನು ದಾರಿಗೆ ತಂದದ್ದು ನಾವು ಲಿನಕ್ಸ್ ಜನ ಅಲ್ಲ ಅನ್ನುವುದು ನನ್ನ ಅನಿಸಿಕೆ. ನಮ್ಮ ಗೋಳನ್ನು ಅವರು ಕೇಳಿಸಿಕೊಳ್ಳಲೇ ಇಲ್ಲ. ಫೋನಿನಲ್ಲಿ ಡ್ರೈವರ್ ಹಾಕಲು ಬರುವುದಿಲ್ಲ ನೋಡಿ. 2010ರಲ್ಲಿ ಐಫೋನಿಗೆ ಆಪಲ್‌ನ ವೈಫೈ ಪ್ರಿಂಟ್ ಸೌಲಭ್ಯ ಏರ್‌ಪ್ರಿಂಟ್ ಬಂದ ಮೇಲೆ, ಡ್ರೈವರ್ ಇಲ್ಲದೆ ಪ್ರಿಂಟ್ ಮಾಡುವ ಪ್ರಿಂಟರ್ ತಯಾರಿಸಲೇಬೇಕಾಯಿತು. ಅದರ ಕೆಳಗೂ ಐಪಿಪಿಯೇ. ಆ ಪುಣ್ಯದಿಂದ ಲಿನಕ್ಸ್‌ಗೂ ಸುಲಭವಾಯಿತು. ಈಗ ವಿಂಡೋಸ್ ಕೂಡ ಇದೇ ದಾರಿಗೆ ಬರುತ್ತಿದೆ. ಕಂಪನಿಗಳ ಡ್ರೈವರ್‌ಗಳಿಗೆ ಹಂತ ಹಂತವಾಗಿ ಬೆಂಬಲ ನಿಲ್ಲಿಸುವುದಾಗಿ ಮೈಕ್ರೋಸಾಫ್ಟ್ 2023ರಲ್ಲೇ ಹೇಳಿದೆ.

ಹಾಗಾಗಿ ಹೊಸ ಪ್ರಿಂಟರ್ ಕೊಳ್ಳುವಾಗ ಡಬ್ಬದ ಮೇಲೆ ಏರ್‌ಪ್ರಿಂಟ್ ಅಥವಾ ಅಂಥದ್ದೇ ಇನ್ನೊಂದು ಗುರುತಾದ ಮೊಪ್ರಿಯಾ ಅಂತ ಇದೆಯಾ ನೋಡಿ. ಇಲ್ಲದಿದ್ದರೆ ಅಂಗಡಿಯವರು ಎಷ್ಟೇ ಕಡಿಮೆಗೆ ಕೊಟ್ಟರೂ ಬೇಡ. ಸುಮ್ನೆ ಒಂದು ಐಫೋನ್ ಹಿಡಿದು ನೋಡಿ. ಅದರಲ್ಲಿ ಪ್ರಿಂಟರ್ ಕಂಡರೆ ಹೊಸ ಉಬುಂಟುವಿನಲ್ಲೂ ಬಹುತೇಕ ಕಾಣುತ್ತದೆ. ಕಾಣಲಿಲ್ಲ ಅಂದರೆ ಫೋನ್ ಗೆಸ್ಟ್ ವೈಫೈನಲ್ಲಿದೆಯಾ ಅಂತ ಮೊದಲು ನೋಡಿ. ಹಾಗೇ ಯಾವಾಗಲೂ ಒಂದೇ ವಿಳಾಸ ಸಿಗುವಂತೆ ರೂಟರಿನಲ್ಲಿ ಪ್ರಿಂಟರಿನ ವಿಳಾಸ ರಿಸರ್ವ್ ಮಾಡಿಬಿಡಿ. ಕರೆಂಟ್ ಹೋಗಿ ಬಂದಾಗ ವಿಳಾಸ ಬದಲಾಗಿ, ಕಣ್ಣೆದುರೇ ಆನ್ ಆಗಿರುವ ಪ್ರಿಂಟರನ್ನು ವಿಂಡೋಸ್ "ಆಫ್‌ಲೈನ್" ಅನ್ನುವುದು ಇದೇ ಕಾರಣಕ್ಕೆ.

ಕನ್ನಡದ ಕಿರಿಕಿರಿ ಬೇರೆ. ನುಡಿಯ ಹಳೇ ಫಾಂಟಿನಲ್ಲಿ ಟೈಪ್ ಮಾಡಿದ ಫೈಲನ್ನು ಆ ಫಾಂಟ್ ಇಲ್ಲದ ಮ್ಯಾಕ್‌ನಲ್ಲಿ ತೆರೆದು ಪ್ರಿಂಟ್ ಕೊಟ್ಟರೆ ಬರುವುದು ಇಂಗ್ಲಿಷ್ ಅಕ್ಷರಗಳ ಚೂರುಪಾರು. ಬೈಸಿಕೊಳ್ಳುವುದು ಪಾಪದ ಪ್ರಿಂಟರ್. ಟೈಪ್ ಮಾಡಿದ ಸಿಸ್ಟಮ್‌ನಲ್ಲೇ ಪಿಡಿಎಫ್ ಮಾಡಿ ಕಳಿಸಿ, ಫಾಂಟ್ ಅದರೊಳಗೇ ಬರುತ್ತದೆ.

ಎಲ್ಲ ಸರಿ ಇದ್ದೂ ಪ್ರಿಂಟರ್ ಕೆಂಪು ಲೈಟ್ ಮಿಟುಕಿಸುತ್ತಾ ಕೂತಿದ್ದರೆ ಸೆಟ್ಟಿಂಗ್ಸ್‌ನಲ್ಲಿ ಪೇಪರ್ ಸೈಜ್ ನೋಡಿ. ಸಿಸ್ಟಮ್ ಹಾಕುವಾಗ ಅಮೆರಿಕನ್ ಇಂಗ್ಲಿಷ್ ಆರಿಸಿದ್ದರೆ ಅಲ್ಲಿ ಲೆಟರ್ ಅಂತ ಇರಬಹುದು. ಟ್ರೇಯಲ್ಲಿರುವುದು ಎ4. ಬದಲಾಯಿಸಿ, ಮತ್ತೆ ಪ್ರಿಂಟ್ ಕೊಡಿ. ಆಗಲೂ ಬರದಿದ್ದರೆ ಪ್ರಿಂಟರಿನ ಮಾಡೆಲ್ ನಂಬರು, ಯಾವ ಸಿಸ್ಟಮ್‌ನಿಂದ ಕೊಡುತ್ತಿದ್ದೀರಿ ಅನ್ನುವುದು, ಎರಡನ್ನೂ ಕಾಮೆಂಟಿನಲ್ಲಿ ಹಾಕಿ. "ಪ್ರಿಂಟ್ ಬರ್ತಿಲ್ಲ" ಅಂತ ಅಷ್ಟೇ ಬರೆದರೆ ನನಗೂ ಏನೂ ತಿಳಿಯುವುದಿಲ್ಲ.