ಕೋಟೆಯ ತೂತುಗಳು

ಕೋಟೆ ನೋಡಲು ಹೋದವರು ಗೋಡೆ ನೋಡಿಕೊಂಡು ಬರುತ್ತಾರೆ. ಎಷ್ಟೆತ್ತರ, ಎಷ್ಟು ದಪ್ಪ ಎಂದು ಬೆರಗಾಗಿ, ಅದಕ್ಕೇ ಒರಗಿ ಫೋಟೊ ತೆಗೆಸಿಕೊಂಡು ಹೊರಟುಬಿಡುತ್ತಾರೆ. ಗೋಡೆ ಪಾಪ, ಮೂಗಬಸವ. ಬಾಯಿ ಇರುವುದು ಅದರ ತೂತುಗಳಿಗೆ.

ವೇಲ್ಸ್‌ನ ಉತ್ತರದಲ್ಲಿ, ಕಾನ್ವಿ ನದಿ ಕಡಲು ಸೇರುವಲ್ಲಿ, ಅದೇ ಹೆಸರಿನ ಹಳೇ ಊರಿದೆ. ಇಂಗ್ಲೆಂಡಿನ ದೊರೆ ಒಂದನೆಯ ಎಡ್ವರ್ಡ್ 1283ರಲ್ಲಿ ಕೆಲಸ ಶುರುಮಾಡಿಸಿ, ಎಂಟು ಬುರುಜಿನ ಕೋಟೆ, ಊರಿನ ಸುತ್ತ ಸುಮಾರು 1.3 ಕಿಲೋಮೀಟರ್ ಗೋಡೆ, ಎರಡನ್ನೂ ಕೆಲವೇ ವರ್ಷಗಳಲ್ಲಿ ಎಬ್ಬಿಸಿ ನಿಲ್ಲಿಸಿದ. ತೂತು ನೋಡುವವರಿಗೆ ಇದಕ್ಕಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ.

ಮೊದಲು ಹೊರಗೆ ನಿಂತು ಬುರುಜು ನೋಡಿ. ಚೌಕನೆಯ ಸಣ್ಣ ತೂತುಗಳ ಸಾಲೊಂದು ಬಳ್ಳಿಯಂತೆ ಓರೆಯಾಗಿ ಸುತ್ತಿಕೊಂಡು ಮೇಲೇರುತ್ತದೆ. ಗುಂಡು ಬಿದ್ದ ಗುರುತಲ್ಲ, ಸಾರ್ವೆ ಕಟ್ಟಿದ ಗುರುತು. ಗೋಡೆ ಏರಿದಂತೆ ಗಳು ತುರುಕಿ, ಮೇಲೆ ಹಲಗೆ ಹಾಸಿದರೆ ಇಳಿಜಾರು ದಾರಿಯೇ ಆಯಿತು. ಕಲ್ಲು ಹೊತ್ತವನು ಏಣಿ ಹತ್ತಬೇಕಿಲ್ಲ. ಮೇಸ್ತ್ರಿ ಜೇಮ್ಸ್ ಆಲ್ಪ್ಸ್ ಬೆಟ್ಟಗಳ ಸವಾಯ್ ಸೀಮೆಯಿಂದ ತಂದ ಕಸುಬು ಇದು.

ಒಳಗೆ ಹೋದರೆ ನಡುಗೋಡೆಯಲ್ಲಿ ಅಗ್ಗಿಷ್ಟಿಕೆಯೊಂದು ನೇತಾಡುತ್ತಿರುತ್ತದೆ. ಅಲ್ಲಿ ಯಾರು ಹಾರಿ ಹೋಗಿ ಮೈ ಕಾಯಿಸಿಕೊಂಡರು? ಅದರ ಕೆಳಗೆ ಒಂದೇ ಮಟ್ಟದಲ್ಲಿರುವ ದೊಡ್ಡ ತೂತುಗಳನ್ನು ನೋಡಿ: ತೊಲೆಗಳ ತುದಿ ಕೂತಿದ್ದ ಗೂಡುಗಳವು. ಎಷ್ಟು ಸಾಲೋ ಅಷ್ಟು ಅಂತಸ್ತು. 1665ರಲ್ಲಿ ಚಾವಣಿಗೆ ಹೊದಿಸಿದ್ದ ಸೀಸದ ತಗಡು ಕಿತ್ತರು. ಆಮೇಲಿನದನ್ನು ಮಳೆ ನೋಡಿಕೊಂಡಿತು.

ಬಾಣದ ಕಿಂಡಿ ಹೊರಗಿನಿಂದ ಬರೀ ಗೀರು. ಒಳಗಡೆ ಆಳು ನಿಲ್ಲುವಷ್ಟು ಅಗಲ. ಒಂದು ಮಾರು ದೂರ ನಿಂತು ಇಣುಕಿದರೆ ಆಕಾಶದ ಚೂರಷ್ಟೇ ಕಾಣುತ್ತದೆ. ಸಂದಿಗೆ ನುಗ್ಗಿ, ಎಡಕ್ಕೆ ಬಲಕ್ಕೆ ಸರಿದಾಡಿದರೆ ನದಿಯೆಲ್ಲ ಕಣ್ಣಿಗೆ ಬೀಳುತ್ತದೆ. ಬುರುಜಿನ ಸುರುಳಿ ಮೆಟ್ಟಿಲಲ್ಲಿ ಮಾತ್ರ ಕಣ್ಣು ಕಾಲ ಬುಡದಲ್ಲಿರಲಿ. ನಡುಗಂಬದ ಕಡೆ ಮೆಟ್ಟಿಲು ಬೆರಳಿಗಷ್ಟೇ ಜಾಗ ಕೊಡುತ್ತದೆ, ಗೋಡೆಯ ಕಡೆ ಪಾದವಿಡೀ ಊರುತ್ತದೆ. ಜಾರುವುದು ಹತ್ತುವಾಗಲ್ಲ, ಇಳಿಯುವಾಗ, ಅದೂ ಮಳೆ ಬಂದ ದಿನ.

ಊರಗೋಡೆಯ ದಕ್ಷಿಣಕ್ಕೆ ಹನ್ನೆರಡು ಕಕ್ಕಸುಗಳು ಸಾಲಾಗಿ ಹೊರಚಾಚಿ ನಿಂತಿವೆ. ದೊರೆಯ ಕಚೇರಿ ಸಿಬ್ಬಂದಿಗೆಂದು ಕಟ್ಟಿದ್ದು. ಪ್ರವಾಸಿಗರು ಬುರುಜು ಎಣಿಸುವುದನ್ನು ಮರೆತಾರು, ಇದನ್ನು ಎಣಿಸದೆ ಹೋಗುವುದಿಲ್ಲ.

ಇನ್ನು ಪಡುವಣ ಹೆಬ್ಬಾಗಿಲು. ಅದರ ನೆತ್ತಿಯಲ್ಲಿ ಚಾಚುಗಲ್ಲುಗಳ ಸಾಲು, ನಡುನಡುವೆ ಕಂಡಿಗಳು. ಕೆಳಗೆ ಬಂದ ಶತ್ರುವಿನ ತಲೆಗೆ ಕಲ್ಲು ಸುರಿಯಲು. 1401ರ ಗುಡ್ ಫ್ರೈಡೆಯಂದು ರೀಸ್, ಗ್ವಿಲಿಮ್ ಎಂಬ ವೆಲ್ಷ್ ಸಹೋದರರ ಕಡೆಯವರು ಬಡಗಿಗಳ ವೇಷದಲ್ಲಿ ಬಂದು, ಇಬ್ಬರು ಕಾವಲುಗಾರರನ್ನು ಕೊಂದು ಕೋಟೆ ಹಿಡಿದರು ಎನ್ನುತ್ತದೆ ಆ ಕಾಲದ ಬರಹ. ಕಂಡಿಗಳೆಲ್ಲ ಅವತ್ತೂ ಅಲ್ಲೇ ಇದ್ದವು. ಕಲ್ಲು ಸುರಿಯಬೇಕಾದವರು ಚರ್ಚಿಗೆ ಹೋಗಿದ್ದರು.