ಗೋಡೆಗೆ ಥಂಡಿ ಹಿಡಿದದ್ದು ಯಾವಾಗ?

ತುಮಕೂರಿನಲ್ಲಿ ಗೋಡೆಗೆ ಥಂಡಿ ಹಿಡಿದರೆ ಮೊದಲು ಬರುವವರು ಪೇಂಟರು. ಅವರದು ಒಂದೇ ಪ್ರಶ್ನೆ: ಯಾವ ಕಲರು? ಆಮೇಲೆ ವಾಸ್ತು ಬಲ್ಲವರು. ಯಾವ ಮೂಲೆ ಎಂದು ಕೇಳುತ್ತಾರೆ. ಈಶಾನ್ಯ ಅಂದರೆ ನೀರು ಇರಬೇಕಾದ್ದೇ ಅಲ್ಲಿ ಎಂದು ಸಮಾಧಾನ ಹೇಳುತ್ತಾರೆ, ನೈಋತ್ಯ ಅಂದರೆ ಮುಖ ಸಣ್ಣದು ಮಾಡುತ್ತಾರೆ. ಕೊನೆಗೆ ಮನೆ ಕಟ್ಟಿದ ಮೇಸ್ತ್ರಿ. “ಏನಿಲ್ಲ ಕಣಕ್ಕ, ಒಂದು ಕೋಟು ವಾಟರ್‌ಪ್ರೂಫ್ ಹೊಡುದ್ರೆ ಸರಿಹೋಗ್ತದೆ” ಅನ್ನುವ ಮಾತು ಗೋಡೆಗೆ ಅಂಗೈ ಇಡುವ ಮುಂಚೆಯೇ ಅವರ ಬಾಯಲ್ಲಿ ಸಿದ್ಧವಾಗಿರುತ್ತದೆ. ಮೂವರೂ ಕೇಳದೆ ಬಿಡುವ ಪ್ರಶ್ನೆ ಒಂದಿದೆ: ಇದು ಒದ್ದೆಯಾಗಿದ್ದು ಯಾವಾಗ?

ಮನೆಯ ತೊಂದರೆಗಳಲ್ಲಿ ಮುಕ್ಕಾಲು ಪಾಲು ನೀರಿನವು. ನೀರು ಒಳಹೊಕ್ಕ ಜಾಗ ಒಂದಾದರೆ ಹೊರಬಿದ್ದ ಜಾಗ ಇನ್ನೊಂದು. ಆದ್ದರಿಂದ ಜಾಗ ನೋಡಿ ಮೋಸ ಹೋಗುವುದು ಸುಲಭ. ಹೊತ್ತು ಅಷ್ಟು ಬೇಗ ಮೋಸ ಮಾಡುವುದಿಲ್ಲ. ತೇವ ಅಳೆಯುವ ಪುಟ್ಟ ಮೀಟರು ಈಗ ಯಾರಿಗೂ ಸಿಗುತ್ತದೆ. ಗೋಡೆಗೆ ಎರಡು ಮುಳ್ಳು ಚುಚ್ಚಿದರೆ ಅಂಕಿ ತೋರಿಸುತ್ತದೆ. ಆದರೆ ಸೌಳು ಹಿಡಿದ ಗೋಡೆಯಲ್ಲಿ ಉಪ್ಪಿಗೂ ಅದು ನೀರಿನಷ್ಟೇ ಕೂಗಾಡುವುದರಿಂದ, ಅಂಕಿ ನೋಡಿ ಗಾಬರಿಯಾಗುವ ಮೊದಲು ಮನೆಯವರ ಜ್ಞಾಪಕಶಕ್ತಿಯನ್ನು ಕೆದಕುವುದು ಮೇಲು.

ವರ್ಷವಿಡೀ ಒದ್ದೆ, ನೆಲದಿಂದ ಮೂರಡಿಯವರೆಗೆ ಮಾತ್ರ, ಮೇಲುಗಡೆ ಅಂಕುಡೊಂಕಾದ ಗೆರೆ, ಗೆರೆಯುದ್ದಕ್ಕೂ ಬಿಳಿ ಪುಡಿ. ಇದು ಮಣ್ಣಿನಿಂದ ಏರಿ ಬಂದ ತೇವ. ದೀಪದ ಬತ್ತಿ ಎಣ್ಣೆ ಎಳೆದ ಹಾಗೆ ಗೋಡೆ ನೀರು ಎಳೆಯುತ್ತದೆ. ನೀರು ಆರಿದ ಕಡೆ ಉಪ್ಪು ಉಳಿದು, ಹರಳುಗಟ್ಟಿ, ಬಣ್ಣವನ್ನೂ ಗಿಲಾವನ್ನೂ ಒಳಗಿನಿಂದ ತಳ್ಳುತ್ತದೆ. ಸೈಜು ಕಲ್ಲಿನ ಪಾಯದ ಮೇಲೆ ತೇವ ತಡೆಯುವ ಪದರ ಹಾಕದೆ ಗೋಡೆ ಎಬ್ಬಿಸಿದ್ದರೆ ಹೀಗಾಗುತ್ತದೆ. ಹಾಕಿದ್ದರೂ ಹೊರಗಿನ ಗಿಲಾವನ್ನು ಮಣ್ಣಿನವರೆಗೂ ಎಳೆದಿದ್ದರೆ ನೀರು ಆ ಗಿಲಾವಿನೊಳಗೇ ಪದರ ದಾಟಿ ಏರುತ್ತದೆ. ಗೋಡೆಗೆ ಒರಗಿಸಿ ಮಣ್ಣು ತುಂಬಿ ಮಾಡಿದ ಹೂವಿನ ಪಾತಿಯೂ ಅದೇ ಕೆಲಸ ಮಾಡಿಕೊಡುತ್ತದೆ. ಇನ್ನೊಂದು ಕಾರಣ ಬೀದಿಯಲ್ಲಿದೆ. ಪ್ಲಿಂತು, ಅಂದರೆ ಪಾಯದ ಮೇಲೆ ಗೋಡೆ ಶುರುವಾಗುವ ಮಟ್ಟ, ಸುತ್ತಲಿನ ನೆಲಕ್ಕಿಂತ ಒಂದೂವರೆ ಅಡಿಯಾದರೂ ಮೇಲಿರಬೇಕು. ಕಟ್ಟುವಾಗ ಇದ್ದೂ ಇರುತ್ತದೆ. ಆಮೇಲೆ ಹಳೆಯ ಡಾಂಬರು ಕೀಳದೆ ಅದರ ಮೇಲೆ ಹೊಸದು, ಹೊಸದರ ಮೇಲೆ ಕಾಂಕ್ರೀಟು. ಮನೆ ಇದ್ದಲ್ಲೇ ಇದ್ದು, ರಸ್ತೆ ಮಾತ್ರ ಎತ್ತರವಾಗುತ್ತಾ ಹೋಗುತ್ತದೆ. ಹಳೇ ಬಡಾವಣೆಗಳಲ್ಲಿ ಮೂರು ಮೆಟ್ಟಿಲು ಹತ್ತಿ ಒಳಗೆ ಹೋಗುತ್ತಿದ್ದ ಮನೆಗೆ ಈಗ ಒಂದು ಮೆಟ್ಟಿಲು ಇಳಿಯಬೇಕು.

ಇಂಥ ಗೋಡೆಗೆ ಮೇಸ್ತ್ರಿ ಹೇಳಿದ ವಾಟರ್‌ಪ್ರೂಫ್ ಕೋಟು ಹೊಡೆದರೆ ಏನಾಗುತ್ತದೆ? ಆರುವ ದಾರಿ ಮುಚ್ಚಿಹೋದ ನೀರು ಇನ್ನೂ ಎರಡಡಿ ಮೇಲೆ ಹತ್ತಿ ಅಲ್ಲಿ ಹೊರಬರುತ್ತದೆ. ಸರಿಯಾದ ಕೆಲಸ ಹೊರಗಿನಿಂದ ಶುರುವಾಗಬೇಕು. ಗೋಡೆಗೆ ತಾಗಿದ ಮಣ್ಣು ತೆಗೆದು, ಸುತ್ತ ಎರಡಡಿ ಅಗಲಕ್ಕೆ ಹೊರಮುಖವಾಗಿ ವಾಟ (ಇಳಿಜಾರು) ಕೊಟ್ಟು ಕಾಂಕ್ರೀಟು ಹಾಕಿ, ಒಳಗಿನ ಸೌಳು ಗಿಲಾವನ್ನು ಗೆರೆಗಿಂತ ಒಂದಡಿ ಮೇಲಿನವರೆಗೆ ಕೆತ್ತಿ, ತಿಂಗಳುಗಟ್ಟಲೆ ಒಣಗಲು ಬಿಡಬೇಕು. ಆ ತಿಂಗಳುಗಟ್ಟಲೆ ಅನ್ನುವಲ್ಲಿ ಮನೆಯವರ ತಾಳ್ಮೆ ತಪ್ಪಿ, ಗೃಹಪ್ರವೇಶವೋ ನಾಮಕರಣವೋ ಅಡ್ಡ ಬಂದು, ಪುಟ್ಟಿ ಗೆಲ್ಲುತ್ತದೆ.

ಅಟ್ಯಾಚ್ಡ್ ಬಾತ್‌ರೂಮಿನ ಪಕ್ಕದ ಕೋಣೆಯ ಗೋಡೆ ಒದ್ದೆಯಾದರೆ ಕೇಳಬೇಕಾದ ಪ್ರಶ್ನೆ ಸ್ವಲ್ಪ ವಿಚಿತ್ರ: ಹಬ್ಬಕ್ಕೆ ಊರಿಗೆ ಹೋಗಿ ವಾರ ಕಳೆದು ಬಂದಾಗ ಗೋಡೆ ಹೇಗಿತ್ತು? ಒಣಗುವ ಕಡೆಗೆ ತಿರುಗಿದ್ದರೆ ತೊಂದರೆ ಬಳಸಿದ ನೀರು ಹೊರಹೋಗುವ ದಾರಿಯಲ್ಲಿದೆ: ಬಚ್ಚಲ ನೆಲದ ನೀರು ಹೊರಹೋಗುವ ನಹಾನಿ ಟ್ರ್ಯಾಪಿನ ಸುತ್ತ, ಟೈಲ್ಸ್ ಸಂದಿಯಲ್ಲಿ, ಕಮೋಡಿನ ಜಾಯಿಂಟಿನಲ್ಲಿ. ಯಾರೂ ಇಲ್ಲದಿದ್ದರೂ ಗೋಡೆ ಹಾಗೇ ಒದ್ದೆಯಾಗಿದ್ದರೆ, ಮೇಲಿನ ಟ್ಯಾಂಕಿನಿಂದ ಸದಾ ಒತ್ತಡದಲ್ಲಿರುವ ಪೈಪು ಒಡೆದಿದೆ. ಮೊದಲನೆಯದಕ್ಕೆ ಪರೀಕ್ಷೆ ಸುಲಭ. ನಹಾನಿ ಟ್ರ್ಯಾಪಿಗೆ ಪ್ಲಾಸ್ಟಿಕ್ ಸುತ್ತಿದ ಬಟ್ಟೆ ತುರುಕಿ, ಬಾಗಿಲಿಗೆ ಸಿಮೆಂಟಿನ ಪುಟ್ಟ ಕಟ್ಟೆ ಕಟ್ಟಿ, ಎರಡಿಂಚು ನೀರು ನಿಲ್ಲಿಸಿ ನೀರಿನ ಮಟ್ಟಕ್ಕೆ ಪೆನ್ಸಿಲ್ ಗುರುತು ಹಾಕಬೇಕು. ಮರುದಿನ ಅದೇ ಹೊತ್ತಿಗೆ ಮಟ್ಟ ಕಾಣುವಷ್ಟು ಇಳಿದಿದ್ದರೆ ಕಳ್ಳ ನೆಲದಲ್ಲಿದ್ದಾನೆ. ಎರಡನೆಯದಕ್ಕೆ ರಾತ್ರಿ ಮಲಗುವ ಮುಂಚೆ ಎಲ್ಲ ನಲ್ಲಿ ನಿಲ್ಲಿಸಿ ಟ್ಯಾಂಕಿನ ನೀರಿನ ಮಟ್ಟ ಗುರುತು ಮಾಡಿ, ಬೆಳಗ್ಗೆ ಯಾರೂ ಬಚ್ಚಲಿಗೆ ಹೋಗುವ ಮೊದಲು ನೋಡಬೇಕು. ಇಳಿದಿದ್ದರೂ ತಕ್ಷಣ ಗೋಡೆ ಒಡೆಸಬೇಡಿ. ಕಮೋಡಿನ ಫ್ಲಶ್ ಟ್ಯಾಂಕಿಗೆ ಒಂದು ಚಮಚ ಅರಿಶಿನ ಕದಡಿ ಇಪ್ಪತ್ತು ನಿಮಿಷ ಬಿಡಿ. ಫ್ಲಶ್ ಮಾಡದೆಯೇ ಕಮೋಡಿನೊಳಗೆ ಹಳದಿ ಇಳಿದಿದ್ದರೆ ಅದರ ರಬ್ಬರ್ ಬದಲಿಸಿದರೆ ಸಾಕು.

ಕಾರ್ಪೊರೇಷನ್ ನೀರು ಬಿಟ್ಟ ದಿನ ಮಾತ್ರ ಕಾಂಪೌಂಡ್ ಗೋಡೆಯ ಬುಡ ಒದ್ದೆಯಾಗುತ್ತದೆಯೇ? ನೀರಿನ ಮೀಟರಿನಿಂದ ಸಂಪ್ ತೊಟ್ಟಿಗೆ ಬರುವ ಪೈಪನ್ನು ನೋಡಿ. ಮೋಟಾರು ಹಾಕಿದ ದಿನ ಮಾತ್ರವೇ? ಟ್ಯಾಂಕಿನ ಓವರ್‌ಫ್ಲೋ ಪೈಪು ಗೋಡೆಗೆ ಅಂಟಿಕೊಂಡು ಕೊನೆಯಾಗಿರುತ್ತದೆ. ಅದಕ್ಕೊಂದು ಬೆಂಡು, ಒಂದಡಿ ಪೈಪು, ಅಷ್ಟೇ ಔಷಧಿ.

ತಾರಸಿಯದು ದೊಡ್ಡ ಒಗಟು. ಹಸ್ತ, ಚಿತ್ತಾ ಮಳೆಗೆ ಏನೂ ಆಗದೆ, ಸ್ವಾತಿ ಮಳೆ ಜಡಿ ಹಿಡಿದ ಮೂರನೇ ದಿನ ಹಾಲಿನ ನಟ್ಟನಡುವೆ ಫ್ಯಾನಿನ ಕೊಕ್ಕೆಯಿಂದ ತೊಟ್ಟಿಕ್ಕಲು ಶುರುವಾಗುತ್ತದೆ. ಮೇಲೆ ಹತ್ತಿ ನೋಡಿದರೆ ಫ್ಯಾನಿನ ನೇರಕ್ಕೆ ಒಂದು ಗೀರೂ ಇಲ್ಲ. ಮೋಲ್ಡ್ ಹಾಕುವಾಗ ಒಳಗೆ ವೈರಿಂಗ್ ಪೈಪು ಹುದುಗಿಸಿರುತ್ತಾರಲ್ಲ, ನೀರಿಗೆ ಅದು ರಾಜಮಾರ್ಗ. ಎಲ್ಲೋ ಪ್ಯಾರಪೆಟ್ಟಿನ ಬುಡದ ಬಿರುಕಿನಲ್ಲಿ ಇಳಿದು, ಪೈಪು ಹಿಡಿದು ಹತ್ತು ಹದಿನೈದು ಅಡಿ ನಡೆದು, ಫ್ಯಾನಿನ ಬಾಕ್ಸಿನಲ್ಲಿ ಹೊರಬರುತ್ತದೆ. ನಮ್ಮ ಊರುಗಳಲ್ಲಿ ಇದಕ್ಕೆ ಇನ್ನೂ ಸಲೀಸಾದ ಬಾಗಿಲು ತೆರೆದಿರುತ್ತದೆ. ಮುಂದೆ ಮಗನ ಮದುವೆ ಹೊತ್ತಿಗೆ ಮೇಲೊಂದು ಮನೆ ಕಟ್ಟೋಣ ಎಂದು ಕಂಬದ ಕಂಬಿಗಳನ್ನು ಆಕಾಶಕ್ಕೆ ಬಿಟ್ಟಿರುತ್ತಾರೆ. ಪಕ್ಕದಲ್ಲೇ ಮೇಲಿನ ಮಹಡಿಯ ವೈರಿಂಗಿಗೆಂದು ಬಿಟ್ಟ ಪೈಪಿನ ಬಾಯಿಯೂ ತೆರೆದಿರುತ್ತದೆ. ಮಗ ಹೈದರಾಬಾದಿನಲ್ಲಿ ಫ್ಲ್ಯಾಟು ಕೊಂಡಿರುತ್ತಾನೆ. ಕಂಬಿ ತುಕ್ಕು ಹಿಡಿದು ಉಬ್ಬಿ ಸುತ್ತಲಿನ ಕಾಂಕ್ರೀಟನ್ನು ಸೀಳುತ್ತದೆ, ಆ ಸೀಳಿನಲ್ಲಿ ನೀರು ಇಳಿಯುತ್ತದೆ. ಕಂಬಿಗೆ ಸಿಮೆಂಟ್ ಹಾಲು ಬಳಿದು ಸಿಮೆಂಟು ಕಡಿಮೆ ಹಾಕಿದ ಬಡ ಕಾಂಕ್ರೀಟಿನಲ್ಲಿ ಹೂತು ಇಟ್ಟರೆ ಮುಂದೆ ಬೇಕಾದಾಗ ಒಡೆದು ತೆಗೆಯಬಹುದು. ಪೈಪಿನ ಬಾಯಿಗೆ ಹತ್ತು ರೂಪಾಯಿಯ ಮುಚ್ಚಳ ಸಾಕು.

ಸೋರುವ ಜಾಗ ಹುಡುಕಲು ಇಡೀ ತಾರಸಿಗೆ ನೀರು ನಿಲ್ಲಿಸಿ ಪ್ರಯೋಜನವಿಲ್ಲ. ಸೋರುತ್ತದೆ ಎಂದು ಮೊದಲೇ ಗೊತ್ತಲ್ಲ. ಜೇಡಿಮಣ್ಣಿನ ಕಟ್ಟೆಯಿಂದ ತಾರಸಿಯನ್ನು ನಾಲ್ಕು ಭಾಗ ಮಾಡಿ, ವಾಟದ ಕೆಳಗಿನ ಭಾಗದಿಂದ ಶುರು ಮಾಡಿ ಒಂದೊಂದಕ್ಕೇ ಎರಡಿಂಚು ನೀರು ಕಟ್ಟಿ ಇಡೀ ದಿನ ಕಾಯಬೇಕು. ಸ್ಲ್ಯಾಬು ನೀರು ಕುಡಿದು ತೊಟ್ಟಿಕ್ಕಲು ಹೊತ್ತು ಹಿಡಿಯುತ್ತದೆ. ಅರ್ಧ ಗಂಟೆಗೆಲ್ಲ ಮುಂದಿನ ಭಾಗಕ್ಕೆ ಹೋದರೆ ತಪ್ಪು ಭಾಗದ ಮೇಲೆ ದೂರು ಬೀಳುತ್ತದೆ. ವಾಟ ನೂರು ಅಡಿಗೆ ಒಂದಡಿಯಾದರೂ ಇರಬೇಕು. ಮಳೆ ನಿಂತ ಮರುದಿನವೂ ಗುಬ್ಬಚ್ಚಿ ಸ್ನಾನ ಮಾಡುವಷ್ಟು ನೀರು ಉಳಿದಿದ್ದರೆ ವಾಟ ಕೆಟ್ಟಿದೆ.

ಮಧುಗಿರಿ, ಪಾವಗಡದ ಕಡೆಯ ಕಲ್ಲು ಚಪ್ಪಡಿ ಮನೆಗಳ ಲೆಕ್ಕವೇ ಬೇರೆ. ಅಲ್ಲಿ ಚಪ್ಪಡಿ ಸೋರುವುದಿಲ್ಲ, ಸಂದಿ ಸೋರುತ್ತದೆ. ಹಿಂದಿನವರು ಸಂದಿಗೆ ಸುಣ್ಣದ ಗಾರೆ ತುಂಬುತ್ತಿದ್ದರು. ಬಿಸಿಲಿಗೆ ಕಲ್ಲು ಹಿಗ್ಗಿ ಕುಗ್ಗುವಾಗ ಅದು ಕೊಂಚ ಹೊಂದಿಕೊಳ್ಳುತ್ತಿತ್ತು. ಈಗ ಗಟ್ಟಿಯಾಗಲೆಂದು ಸಿಮೆಂಟು ತುಂಬುತ್ತಾರೆ, ಗಟ್ಟಿಯಾಗಿದ್ದಕ್ಕೇ ಅದು ಮುಂದಿನ ಬೇಸಿಗೆಗೆ ಬಿರಿಯುತ್ತದೆ.

ಬಿರುಕಿಗೂ ಇದೇ ಪ್ರಶ್ನೆ ಹೊಂದುತ್ತದೆ. ಮೇಲಿನ ಮಹಡಿಯಲ್ಲಿ, ಸ್ಲ್ಯಾಬಿನ ಅಡಿ ಗೋಡೆಯುದ್ದಕ್ಕೂ ಅಡ್ಡಲಾಗಿ ಓಡುವ ಕೂದಲೆಳೆ ಬಿರುಕು ಬಿಸಿಲಿನದು. ಮೂವತ್ತು ಅಡಿ ಉದ್ದದ ಕಾಂಕ್ರೀಟು ಇಪ್ಪತ್ತು ಡಿಗ್ರಿ ಬಿಸಿಯೇರಿದರೆ ಸುಮಾರು 2 ಮಿಲಿಮೀಟರ್ ಹಿಗ್ಗುತ್ತದೆ, ಕೆಳಗಿನ ಗೋಡೆ ಅಷ್ಟು ಹಿಗ್ಗುವುದಿಲ್ಲ. ಸಿಮೆಂಟು ಮೆತ್ತಿದಷ್ಟು ಸಲವೂ ಬಾಯಿಬಿಡುತ್ತದೆ. ರಬ್ಬರಿನಂತೆ ಹಿಗ್ಗಿ ಕುಗ್ಗುವ ಸೀಲಂಟ್ ತುಂಬಿ, ತಾರಸಿಗೆ ಬಿಳಿ ಬಣ್ಣ ಬಳಿದರೆ ತಣ್ಣಗಿರುತ್ತದೆ. ಕಂಬಕ್ಕೂ ಬ್ಲಾಕ್ ಗೋಡೆಗೂ ನಡುವಿನ ನೆಟ್ಟನೆ ಗೆರೆಗೆ, ಗಿಲಾವಿಗೆ ಮುಂಚೆ ಕೋಳಿ ಮೆಶ್ ಹೊಡೆಯದೆ ಬಿಟ್ಟದ್ದೇ ಕಾರಣ. ನೋಡಲು ಅಸಹ್ಯ, ಅಪಾಯವಿಲ್ಲ. ಹೆದರಬೇಕಾದದ್ದು ಬ್ಲಾಕಿನ ಸಂದಿ ಹಿಡಿದು ಮೆಟ್ಟಿಲುಮೆಟ್ಟಿಲಾಗಿ ಓರೆ ಇಳಿಯುವ ಬಿರುಕಿಗೆ, ಅದರಲ್ಲೂ ಪಕ್ಕದ ಬಾಗಿಲು ಇದ್ದಕ್ಕಿದ್ದಂತೆ ಹಿಡಿಯಲು ಶುರುವಾಗಿದ್ದರೆ. ಕೆರೆ ಅಂಗಳವನ್ನೋ ಹಳ್ಳವನ್ನೋ ಮಣ್ಣು ಹೊಡೆಸಿ ಮಾಡಿದ ಸೈಟಿನಲ್ಲಿ ಪಾಯ ಗಟ್ಟಿ ನೆಲ ಮುಟ್ಟದಿದ್ದರೆ ಒಂದು ಮೂಲೆ ಕೂರುತ್ತದೆ. ಕೂತು ಮುಗಿದಿದೆಯೋ, ಇನ್ನೂ ಕೂರುತ್ತಿದೆಯೋ ತಿಳಿಯಲು ಬಿರುಕಿಗೆ ಅಡ್ಡಲಾಗಿ ತೆಳು ಗಾಜಿನ ಪಟ್ಟಿಯ ಎರಡು ತುದಿಗೂ ಪ್ಲಾಸ್ಟರ್ ಆಫ್ ಪ್ಯಾರಿಸ್ ಮೆತ್ತಿ, ತಾರೀಖು ಬರೆಯುತ್ತಾರೆ. ಒಂದು ಮಳೆಗಾಲ ಕಳೆದರೂ ಗಾಜು ಇಡಿಯಾಗಿದ್ದರೆ ತುಂಬಿಸಿ ಬಣ್ಣ ಹೊಡೆಯಬಹುದು. ಒಡೆದರೆ ಪೇಂಟರನ್ನು ಬಿಟ್ಟು ಸ್ಟ್ರಕ್ಚರಲ್ ಎಂಜಿನಿಯರನ್ನು ಕರೆಯಬೇಕು.

ಗಿಲಾವು ಹಪ್ಪಳದಂತೆ ಎದ್ದು ಬರುವುದಕ್ಕೆ ಹಲವು ಸಲ ಫಿಲ್ಟರ್ ಮರಳು ಕಾರಣ. ಕೆರೆಮಣ್ಣು ತೊಳೆದು ಮರಳೆಂದು ಮಾರಿದ್ದು ಅದು. ಗಾಜಿನ ಬಾಟಲಿಗೆ ಅರ್ಧ ಮರಳು, ಮೇಲೆ ಉಪ್ಪುನೀರು ಹಾಕಿ ಕುಲುಕಿ ಮೂರು ಗಂಟೆ ಬಿಟ್ಟರೆ ಮರಳಿನ ಮೇಲೆ ಮಣ್ಣು ಬೇರೆ ಪದರವಾಗಿ ಕೂರುತ್ತದೆ. ಮರಳಿನ ಪದರದ ನೂರಕ್ಕೆ ಎಂಟು ಪಾಲು ದಾಟಿದರೆ ಲೋಡು ವಾಪಸು. ಇದನ್ನು ಲಾರಿ ಟಿಪ್ ಮಾಡುವ ಮುಂಚೆ ಮಾಡಬೇಕು ಅನ್ನುವುದೊಂದೇ ಕಷ್ಟ.

ಕರೆಂಟಿನ ಒಗಟು ಬೇಸಿಗೆಯಲ್ಲಿ ಹೆಚ್ಚು. ಮಳೆಗಾಲದಲ್ಲಿ ಸುಮ್ಮನಿದ್ದ ಫ್ರಿಜ್ಜು ಏಪ್ರಿಲಿನಲ್ಲಿ ಜುಮ್ಮೆನ್ನಿಸುತ್ತದೆ, ಟೆಸ್ಟರ್ ಇಟ್ಟರೆ ಉರಿಯುತ್ತದೆ. ಇದ್ದಿಲು ಉಪ್ಪು ಹಾಕಿದ ಅರ್ಥಿಂಗ್ ಗುಂಡಿ ಒಣಗಿ, ನೆಲ ಕರೆಂಟು ಒಯ್ಯುವುದು ಬಿಟ್ಟಿದೆ. ವಾರಕ್ಕೊಮ್ಮೆ ಒಂದು ಬಿಂದಿಗೆ ನೀರು ಹೊಯ್ದರೆ ಸುಧಾರಿಸುತ್ತದೆ, ಆದರೂ ಅರ್ಥ್ ಮೆಗ್ಗರಿನಿಂದ ಅಳೆಸುವುದು ಕ್ಷೇಮ. ಹಳೇ ಮನೆಗಳಲ್ಲಿ ಇನ್ನೊಂದು ಕೈಚಳಕವಿರುತ್ತದೆ. ಹಿಂದೆ ಯಾರೋ ವೈರ್‌ಮ್ಯಾನ್ ಅರ್ಥ್ ವೈರನ್ನು ನೀರಿನ ಕಬ್ಬಿಣದ ಪೈಪಿಗೆ ಸುತ್ತಿ ಕೈತೊಳೆದುಕೊಂಡಿರುತ್ತಾನೆ. ವರ್ಷಗಳ ಮೇಲೆ ಪ್ಲಂಬರು ಬಂದು ತುಕ್ಕು ಹಿಡಿದ ಪೈಪು ಕಿತ್ತು ಪ್ಲಾಸ್ಟಿಕ್ ಹಾಕುತ್ತಾನೆ. ಆ ದಿನದಿಂದ ಮನೆಗೆ ಅರ್ಥಿಂಗೇ ಇಲ್ಲ, ಬಲ್ಬು ಮಾತ್ರ ಎಂದಿನಂತೆ ಉರಿಯುತ್ತಿರುತ್ತದೆ. ಗೀಸರ್ ಹಾಕಿದಾಗ ಮಾತ್ರ ನಲ್ಲಿ ಜುಮ್ಮೆಂದರೆ, ಬೋರ್‌ವೆಲ್ಲಿನ ಗಡಸು ನೀರಿನ ಸುಣ್ಣ ಗಟ್ಟಿ ಕಚ್ಚಿಕೊಂಡು ಒಳಗಿನ ಕಾಯಿಲ್ ಸೀಳಿರಬಹುದು. ಮೇನ್ ಆಫ್ ಮಾಡಿದ ಮೇಲೇ ಮುಂದಿನ ಮಾತು. ಎಂಸಿಬಿ ಇದೆಯಲ್ಲ ಎನ್ನುವವರಿಗೆ: ಅದು ವೈರು ಸುಡದಂತೆ ಕಾಯುತ್ತದೆ, ಮನುಷ್ಯರನ್ನು ಕಾಯಲು ಕರೆಂಟು ಸೋರಿದೊಡನೆ ಸಂಪರ್ಕ ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಬೇರೆಯೇ ಬೇಕು.

ಹಳೇ ಮನೆ ಕೊಳ್ಳುವವರು ಫೆಬ್ರವರಿಯ ಬೆಳಗ್ಗೆ ಹೋಗಿ ನೋಡುವುದು ಮಾರುವವರಿಗೆ ಅನುಕೂಲ. ಸ್ವಾತಿ ಮಳೆ ನಿಂತ ಮೂರನೇ ದಿನ, ಸಂಜೆ, ಟಾರ್ಚು ಹಿಡಿದು ಹೋಗಿ. ಬೆಳಕನ್ನು ಗೋಡೆಗೆ ನೇರ ಬಿಡದೆ, ಟಾರ್ಚನ್ನು ಗೋಡೆಗೇ ಒರಗಿಸಿ ಉದ್ದಕ್ಕೆ ಹಾಯಿಸಿದರೆ ಪುಟ್ಟಿಯಡಿ ಮುಚ್ಚಿದ ಉಬ್ಬುತಗ್ಗೆಲ್ಲ ನೆರಳು ಬೀರುತ್ತದೆ. ನಾಣ್ಯದಿಂದ ಟೈಲ್ಸ್ ತಟ್ಟಿ. ನಾಲ್ಕು ಮೂಲೆಗೆ ಮಾತ್ರ ಗಾರೆಯಿಟ್ಟು ಕೂರಿಸಿದ್ದು ಟೊಳ್ಳು ದನಿ ಕೊಡುತ್ತದೆ, ಸಂದಿ ಬಿಡದೆ ಜೋಡಿಸಿದ್ದರೆ ಒಂದು ದಿನ ಢಬ್ ಎಂದು ಏಳುತ್ತದೆ. ಬಾಗಿಲುವಾಡದ ಬುಡಕ್ಕೆ ಸ್ಕ್ರೂಡ್ರೈವರ್ ಒತ್ತಿ, ಗೆದ್ದಲಿದ್ದರೆ ಬೆಣ್ಣೆಗೆ ಹೋದಂತೆ ಹೋಗುತ್ತದೆ. ಮನೆಗೆಲ್ಲ ಹಳೇ ಬಣ್ಣವಿದ್ದು ಒಂದೇ ಗೋಡೆಗೆ ಹೊಸದು ಬಿದ್ದಿದ್ದರೆ ಆ ಗೋಡೆಯ ವಾರ್ಡ್‌ರೋಬಿನ ಕೆಳಗಿನ ಡ್ರಾಯರನ್ನು ಪೂರ್ತಿ ಎಳೆದು ಹಿಂಬದಿಯ ಸ್ಕ್ರೂಗಳನ್ನು ನೋಡಿ. ತುಕ್ಕು ಹಿಡಿದಿದ್ದರೆ ಬೆಲೆಯ ಮಾತನ್ನು ಅಲ್ಲಿಂದಲೇ ಶುರು ಮಾಡಬಹುದು.